ಶಂಕರಲಿಂಗ ಕಂಬ ಹತ್ತಲು ತಡಮಾಡಿದ ದಿನ

ನಮ್ಮ ಕಾಲದಲ್ಲಿ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಈಗ ನಾನು ಮೊಮ್ಮಕ್ಕಳನ್ನು ಕಂಡವಳು, ಹೇಳಿದರೆ ಬೈಯುವವರು ಯಾರೂ ಉಳಿದಿಲ್ಲ. ನನ್ನ ಗಂಡನ ಹೆಸರು ಶಂಕರಲಿಂಗ. ನಾನು ಗುರುಸಿದ್ದವ್ವ.

ನಮ್ಮೂರು ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜದ ಹತ್ತಿರ, ಹಿರಣ್ಯಕೇಶಿ ಹೊಳೆಯ ದಂಡೆಗಿದೆ. ನಾನು ಮದುವೆಯಾಗಿ ಬಂದ ಮರುವರ್ಷ, ಅರವತ್ತನೇ ಇಸವಿಯ ಸುಮಾರಿಗೆ, ಊರಿಗೆ ಕರೆಂಟು ಬಂತು. ಅಲ್ಲಿಯತನಕ ದಿನಾ ಸಂಜೆ ಕಂದೀಲಿನ ಗಾಜನ್ನು ಬೂದಿ ಹಚ್ಚಿ ಒರೆಸುವುದು ಸೊಸೆಯ ಕೆಲಸವಾಗಿತ್ತು. ಮೊದಲ ಬಲ್ಬು ಹತ್ತಿದಾಗ ನಮ್ಮತ್ತೆ ಹಾಲವ್ವ ಅದಕ್ಕೆ ಕೈಮುಗಿದರು. ಆಮೇಲೆ ಅಡುಗೆಮನೆಯ ಗೋಡೆ ಕಡೆ ನೋಡಿ, "ಅಯ್ಯ, ನಮ್ಮ ಗ್ವಾಡಿ ಇಷ್ಟ ಕರ್ರಗಿತ್ತೇನ?" ಎಂದು ನಾಚಿಕೊಂಡು, ಮರುದಿನವೇ ಸುಣ್ಣ ಹಚ್ಚಿಸಿದರು. ಈಗಲೂ ಹಸಿ ಸುಣ್ಣದ ವಾಸನೆ ಬಂದರೆ ನನಗೆ ಆ ಬೆಳಕು ನೆನಪಾಗುತ್ತದೆ.

ಹೊಳೆಯ ದಂಡೆಗೆ ಮೋಟಾರು ಕೂತವು. ಕಬ್ಬಿನ ಹೊಲ ಹೆಚ್ಚಿದವು. ಆದರೆ ಸ್ವಲ್ಪ ಗಾಳಿ ಬೀಸಿದರೂ ಕರೆಂಟು ಹೋಗುತ್ತಿತ್ತು. ಕಂಬಗಳು ಊರಿಂದೂರಿಗೆ ಓಡುತ್ತಿದ್ದವು, ಅವನ್ನು ನೋಡಿಕೊಳ್ಳುವ ಮಂದಿ ಮಾತ್ರ ಇರಲಿಲ್ಲ.

ನಮ್ಮವರು ಕಂಬ ನೆಡುವ ಕೂಲಿಗೆ ಹೋಗಿ, ಹಾಗೇ ವಿದ್ಯುತ್ ಮಂಡಳಿಯಲ್ಲಿ ಹೆಲ್ಪರ್ ಆಗಿದ್ದರು. ಯಾರೂ ಕಲಿಸಿದ್ದಲ್ಲ, ನೋಡಿ ನೋಡಿ ಕಲಿತದ್ದು. ತಂತಿ ಕಡಿದರೆ ಯಾರಿಗೂ ಕಾಯದೆ ಕಂಬ ಹತ್ತಿಬಿಡುತ್ತಿದ್ದರು. ಊರವರೆಲ್ಲ ಶಾಬಾಸ್ ಅನ್ನುತ್ತಿದ್ದರು. ನನ್ನ ಮಾವ ಪರಪ್ಪನವರು ಚಾವಡಿಯಲ್ಲಿ ಕೂತು, "ನನ್ನ ಮಗಗ ಅಂಜಿಕಿ ಅನ್ನೂದ ಗೊತ್ತಿಲ್ಲ" ಎಂದು ಮೀಸೆ ತಿರುವುತ್ತಿದ್ದರು. ನಮ್ಮವರ ಸುಟ್ಟ ಬೆರಳಿಗೆ ಬೆಣ್ಣೆ ಹಚ್ಚುತ್ತಿದ್ದವಳು ನಾನು. ನನಗೆ ಅಂಜಿಕೆ ಇತ್ತು.

ಒಂದು ದಿನ ಗಡಹಿಂಗ್ಲಜದ ಲೈನ್‌ಮನ್ ಶ್ರೀಪಾಲಣ್ಣ ಮನೆಗೆ ಬಂದರು. ಅಕಿವಾಟದ ಕಡೆಯವರು, ಒಕ್ಕಲುತನದ ಜೈನರ ಮನೆತನ. ಚಹಾ ಕುಡಿದು ಮಾವನಿಗೆ ಹೇಳಿದರು:

"ಪರಪ್ಪ ಕಾಕಾ, ಕೊಲ್ಲಾಪುರದಾಗ ಲೈನ್ ಕೆಲಸದ ಟ್ರೇನಿಂಗ್ ಚಾಲೂ ಆಗೇತ್ರಿ. ಶಂಕರಲಿಂಗನ್ನ ಕಳಸ್ರಿ."

"ಅಂವಗ ಬರೂದ ಏನ ಉಳದೈತಿ? ಮಂಗ್ಯಾ ಹತ್ತಿದಂಗ ಹತ್ತತಾನ!"

"ಹತ್ತೂದ ಬರತೈತ್ರಿ. ಯಾವಾಗ ಹತ್ತಬಾರದು ಅನ್ನೂದ ಬರೂದಿಲ್ಲ."

ಮಾವ ನಕ್ಕರು. "ಹತ್ತಬಾರದು ಅಂತ ಕಲಿಯಾಕ ಕೊಲ್ಲಾಪುರಕ್ಕ ಹೋಗಬೇಕೇನು? ಇಲ್ಲಿ ಕಬ್ಬಿನ ಕೆಲಸ ಯಾರ ಮಾಡವ್ರು?"

ಶ್ರೀಪಾಲಣ್ಣ ನಗಲಿಲ್ಲ. "ಕಾಕಾ, ನನ್ನ ಜೋಡಿ ತಾನಾಜಿ ಅಂತ ಒಬ್ಬಾಂವ ಇದ್ದ. ಇವನಂಗ ಭಾಳ ಚಲೋ ಹತ್ತತಿದ್ದ. ಲೈನ್ ಬಂದ್ ಐತಿ ಅಂತ ಯಾರೋ ಹೇಳಿದ್ರು, ನಂಬಿ ಕೈ ಹಚ್ಚಿದ. ಅವನ್ನ ಕಂಬದಿಂದ ಇಳಿಸಿದಾಂವ ನಾನ."

ನಾನು ಬಾಗಿಲ ಹಿಂದೆ ನಿಂತಿದ್ದೆ. ಹಿರಿಯರ ಮುಂದೆ ಸೊಸೆ ಮಾತಾಡುವ ಪದ್ಧತಿ ಇರಲಿಲ್ಲ. ಆದರೂ ನನ್ನ ಬಾಯಿಂದ ಬಂದುಬಿಟ್ಟಿತು: "ಮಾವಾರ, ಕಳಸ್ರಿ ಅವರನ್ನ. ಅವರ ಪಾಲಿನ ಹೊಲದ ಕೆಲಸಾ ನಾ ಮಾಡತೇನಿ."

ಮಾವ ನನ್ನ ಕಡೆ ನೋಡಲಿಲ್ಲ. ಅತ್ತೆ ಮಾತ್ರ ಒಳಗೆ ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು. "ಚಲೋ ಅಂದಿ ಬಿಡು" ಎಂದರು. ಮೂರನೆಯ ದಿನ ಮಾವ, "ಹೋಗಿ ಬರಲಿ ತಗೊ, ಕೊಲ್ಲಾಪುರ ನೋಡಿ ಬಂದಂಗಾತು" ಎಂದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಮ್ಮವರು ಎಸ್.ಟಿ. ಬಸ್ಸು ಹತ್ತಿದರು.

ಆ ದಿನಗಳು ನೆನಪಾದರೆ ಈಗಲೂ ನಗು ಬರುತ್ತದೆ. ರಜೆಗೆ ಬಂದಾಗೊಮ್ಮೆ ಅತ್ತೆಯ ಮುಂದೆ, ನನ್ನ ಮುಂದೆ ಪಾಠ ಒಪ್ಪಿಸುತ್ತಿದ್ದರು. ಅಲ್ಲೊಂದು ಬಯಲಿದೆಯಂತೆ. ಅದರ ತುಂಬ ಕಂಬಗಳು, ಒಂದಕ್ಕೂ ಕರೆಂಟಿಲ್ಲ. ಅವುಗಳ ಮೇಲೆ ದಿನಾ ಹತ್ತುವುದು, ಇಳಿಯುವುದು. ತಪ್ಪು ಮಾಡಿದರೆ ಬೈಸಿಕೊಳ್ಳಬಹುದು, ಜೀವ ಹೋಗುವುದಿಲ್ಲ. ಶಾಕ್ ಹೊಡೆದವನಿಗೆ ಉಸಿರು ಕೊಡುವ ಬಗೆ ತೋರಿಸುತ್ತೇನೆಂದು ಹಾಸಿಗೆಯ ಸುರುಳಿಯನ್ನು ಮಲಗಿಸಿ ಬೆನ್ನು ಒತ್ತುತ್ತಿದ್ದರು. ಅತ್ತೆ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ನಮ್ಮ ಮಾಸ್ತರ ಏನ ಹೇಳತಾರ ಗೊತ್ತೈತೇನ?" ಎಂದರು ಒಮ್ಮೆ. "ನಮ್ಮ ದೇಶದಾಗ ಕಂಬ ಲಗೂ ಲಗೂ ನಿಲ್ಲಾಕತ್ತಾವಂತ. ಅದರ ಮ್ಯಾಲ ಹತ್ತುವಂಥಾ ಮಂದಿನ್ನ ತಯಾರ ಮಾಡೂದ ಹಿಂದ ಬಿದ್ದೈತಂತ."

ತರಬೇತಿ ಮುಗಿಸಿ ಬಂದ ವರ್ಷ ಮಳೆ ತಡವಾಯಿತು. ಆ ಬಿಸಿಲಲ್ಲೇ ಒಂದು ಮಧ್ಯಾಹ್ನ ಸುಂಟರಗಾಳಿ ಎದ್ದು, ಮಾವಿನ ಟೊಂಗೆ ಬಿದ್ದು, ಹೊಳೆ ಕಡೆಯ ಲೈನ್ ಕಡಿಯಿತು. ಮೋಟಾರು ನಿಂತವು. ಊರೆಲ್ಲ ಕಂಬದ ಬುಡಕ್ಕೆ ಬಂತು. ಎಲ್ಲರ ಮುಂದೆ ರಾವಸಾಹೇಬರು. ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಕಬ್ಬಿನ ಹೊಲ ಅವರದು. ನಾನೂ ಅತ್ತೆಯೂ ಬುತ್ತಿ ತಂದವರು ಅಲ್ಲೇ ನಿಂತೆವು.

"ಅರೇ, ಚಢ ಕೀ ಲವಕರ! ಹತ್ತೋ ಲಗೂನ!" ಎಂದರು ರಾವಸಾಹೇಬರು.

ನಮ್ಮವರು ಹತ್ತಲಿಲ್ಲ. "ಗಡಹಿಂಗ್ಲಜದಾಗ ಲೈನ್ ಬಂದ್ ಮಾಡಿಸಿ ಬರಬೇಕ್ರಿ. ಶ್ರೀಪಾಲಣ್ಣ ಸೈಕಲ್ ಮ್ಯಾಲ ಹೋಗ್ಯಾನ. ಅಂವಾ ಬರೂತನಕ ನಾ ಕೈ ಹಚ್ಚೂದಿಲ್ಲ."

"ಮೊದಲ ಹಿಂಗಿರಲಿಲ್ಲಲ್ಲೋ ನೀ! ಟ್ರೇನಿಂಗಿಗೆ ಹೋಗಿ ಅಂಜಬುರುಕ ಆಗಿ ಬಂದಿ!"

ಜನ ನಕ್ಕರು. ನನ್ನ ಮಾವ ತಲೆ ತಗ್ಗಿಸಿ ದೂರದ ಬೇವಿನ ಗಿಡದ ನೆರಳಿಗೆ ಹೋಗಿ, ಎಲ್ಲರಿಗೂ ಬೆನ್ನು ಮಾಡಿ ಕೂತರು. ಆ ಬೆನ್ನು ಕಂಡು ನನಗೆ ನೆಲ ಬಾಯಿ ತೆರೆಯಬಾರದೇ ಅನಿಸಿತು. ಕಳಿಸಿರಿ ಎಂದವಳು ನಾನೇ ಅಲ್ಲವೇ?

ಶ್ರೀಪಾಲಣ್ಣ ಬೆವರು ಸುರಿಸುತ್ತ ಬಂದು, "ಬಂದ್ ಮಾಡ್ಯಾರ" ಎಂದರು. ಆಗಲೂ ನಮ್ಮವರು ಹತ್ತಲಿಲ್ಲ. ನೆಲಕ್ಕೆ ಸಲಾಕೆ ಹೊಡೆದು, ಕಬ್ಬಿಣದ ಸರಪಳಿಯ ಒಂದು ತುದಿಯನ್ನು ಅದಕ್ಕೆ ಕಟ್ಟಿದರು. ಆಮೇಲೆ ಉದ್ದನೆಯ ಕೋಲಿನಿಂದ ಇನ್ನೊಂದು ತುದಿಯನ್ನು ತಂತಿಗಳಿಗೆ ತೊಡಿಸಿದರು. ಕಡಿದ ಜಾಗದ ಎರಡೂ ಬದಿಗೆ ಹೀಗೇ ಮಾಡಿದರು. ಅಕಸ್ಮಾತ್ ಕರೆಂಟು ಬಂದರೆ ಅದು ಮನುಷ್ಯನನ್ನು ಬಿಟ್ಟು ನೆಲಕ್ಕೆ ಇಳಿಯಲಿ ಎಂದು.

"ಬಂದ್ ಆಗೇತಿ ಅಂದ ಮ್ಯಾಲೂ ಇದೇನಪಾ ಪೂಜಿ?" ಎಂದು ರಾವಸಾಹೇಬರು ಗೊಣಗಿದರು.

"ಕರೆಂಟ್ ನೆಲಕ್ಕ ಇಳದ್ರ ಹತ್ರ ನಿಂತಾವರಿಗೂ ಹೊಡಿತೈತಿ, ನೀವೆಲ್ಲಾ ಆ ಬದು ದಾಟಿ ನಿಂದರ್ರಿ. ಅಲ್ಲೀತನಕ ನಾ ಹತ್ತೂದಿಲ್ಲ."

ಬೈಯುತ್ತಲೇ ಎಲ್ಲರೂ ಹಿಂದೆ ಸರಿದರು. ನಮ್ಮವರು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಹತ್ತಿದರು.

ತಂತಿ ಜೋಡಿಸುತ್ತಿದ್ದರು, ಅಷ್ಟರಲ್ಲಿ ಸಿಡಿಲು ಹೊಡೆದಂಥ ಸಪ್ಪಳ! ಸಲಾಕೆಯ ಬುಡದಲ್ಲಿ ಕಿಡಿ ಚಿಮ್ಮಿ, ಹುಲ್ಲು ಸುಟ್ಟು ಹೊಗೆ ಎದ್ದಿತು. ಅತ್ತೆಯ ಕೈಯ ಬುತ್ತಿ ಕೆಳಗೆ ಬಿತ್ತು. ನಾನು ಕಣ್ಣು ಮುಚ್ಚಿದೆ. ತೆರೆಯುವ ಧೈರ್ಯ ಬರಲಿಲ್ಲ.

ಮೇಲಿನಿಂದ ನಮ್ಮವರ ಧ್ವನಿ ಬಂತು: "ಶ್ರೀಪಾಲಣ್ಣಾ, ಯಾರೋ ಲೈನ್ ಚಾಲೂ ಮಾಡ್ಯಾರ. ನನಗೇನೂ ಆಗಿಲ್ಲ. ಯಾರೂ ಹತ್ರ ಬರಬ್ಯಾಡ್ರಿ!"

ನನ್ನ ಮಾವ ತಲೆಯ ಪಟಗ ಬಿದ್ದದ್ದನ್ನೂ ನೋಡದೆ ಓಡಿ ಬಂದಿದ್ದರು. ಶ್ರೀಪಾಲಣ್ಣ ಅವರನ್ನು ತೆಕ್ಕೆಗೆ ಹಿಡಿದು ನಿಲ್ಲಿಸಿದ್ದರು. ಮಗ ಇಳಿದು ಹತ್ತಿರ ಬಂದಾಗ ಮಾವ ಅವರ ಎರಡೂ ಕೈ ಹಿಡಿದು, ಒಂದೊಂದೇ ಬೆರಳು ಮುಟ್ಟಿ ಮುಟ್ಟಿ ನೋಡಿದರು.

ಆಮೇಲೆ ತಿಳಿಯಿತು. ಲೈನ್ ಚಾಲೂ ಮಾಡಿದವನು ಹೊಸಬ, ಕೃಷ್ಣಾತ ಅಂತ. ಏನೂ ಕಲಿಸದೆಯೇ ಅವನನ್ನು ಗಡಹಿಂಗ್ಲಜದ ಸ್ವಿಚ್ಚಿನ ಮುಂದೆ ಕೂರಿಸಿದ್ದರು. ಕೆಲಸ ಮುಗಿದಿರಬೇಕು ಎಂದುಕೊಂಡು ಎಳೆದುಬಿಟ್ಟಿದ್ದ. ಸಂಜೆ ಅವನೇ ನಮ್ಮ ಮನೆಗೆ ಬಂದು ಅಂಗಳದಲ್ಲಿ ನಿಂತು ಅತ್ತ. ನಮ್ಮವರನ್ನು ನೋಡಲು ಬಂದು ಕೂತಿದ್ದ ರಾವಸಾಹೇಬರು ಅವನನ್ನು ಹೊಡೆಯಲು ಎದ್ದರು. ಅಡ್ಡ ಬಂದವರು ನನ್ನ ಮಾವ.

"ಬಿಡ್ರಿ ರಾವಸಾಹೇಬರ. ಅಂವಗ ಯಾರೂ ಕಲಿಸಿಲ್ಲ. ನನ್ನ ಮಗಗ ಕಲಿಸಿದ್ರು, ಅದಕ್ಕ ಉಳದಾನ. ಇವನ್ನೂ ಕೊಲ್ಲಾಪುರಕ್ಕ ಕಳಸೂಣು. ಮಂಡಳಿ ಸಾಹೇಬರ ಮುಂದ ನಾನ ಹೋಗಿ ಹೇಳತೇನಿ."

"ನಾನೂ ಬರತೇನಿ" ಎಂದರು ರಾವಸಾಹೇಬರು, ಎತ್ತಿದ ಕೈ ಇಳಿಸಿ.

ಹೇಳಿದಂತೆ ಇಬ್ಬರೂ ಹೋದರು. ಕೃಷ್ಣಾತ ಕಲಿತು ಬಂದ. ಅವನ ಕೈಯಿಂದ ಮುಂದೆಂದೂ ಅಂಥ ತಪ್ಪು ಆಗಲಿಲ್ಲ. ಕೆಲ ವರ್ಷದ ಮೇಲೆ ಕೊಲ್ಲಾಪುರದ ಆ ಬಯಲಿನಲ್ಲಿ ಹೊಸಬರಿಗೆ ಕಲಿಸಲು ನಮ್ಮವರನ್ನೇ ಕರೆದರು. ಹೊಲ ಬಿಟ್ಟು ಹೋಗುವ ಮಾತು ಬಂದಾಗ ಮಾವ ಬೇಡವೆನ್ನಲಿಲ್ಲ. "ನೀ ಕಲಿಸಿದ ಒಬ್ಬೊಬ್ಬನ ಮನ್ಯಾಗೂ ಒಬ್ಬೊಬ್ಬ ಹೆಣ್ಮಗಳ ದಾರಿ ಕಾಯತಿರತಾಳ, ಹೋಗು" ಎಂದರು. ರಂಕಾಳಾ ಕೆರೆಯ ಹತ್ತಿರ ಬಾಡಿಗೆಯ ಒಂದು ಖೋಲಿಯಲ್ಲಿ ನಮ್ಮ ಸಂಸಾರ ಶುರುವಾಯಿತು. ಸಂಜೆ ಕೆರೆಯ ದಂಡೆಯ ದೀಪ ಹತ್ತುವ ಹೊತ್ತಿಗೆ, ಇಚಲಕರಂಜಿ, ಶಿರೋಳ, ಚಂದಗಡದ ಹುಡುಗರು ನಮ್ಮ ಬಾಗಿಲಲ್ಲಿ ಕೂತು ಕನ್ನಡ, ಮರಾಠಿ ಎರಡರಲ್ಲೂ ವಾದ ಮಾಡುತ್ತ ಚಹಾ ಕುಡಿಯುತ್ತಿದ್ದರು. ಆ ಗದ್ದಲ ಈಗ ಎಲ್ಲಿ ಸಿಗಬೇಕು!

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈಗ ಮನೆ ಮನೆಗೆ ಕರೆಂಟಿದೆ. ನಿಮ್ಮ ಊರಿನ ಕಂಬ ಹತ್ತುವವನು ಕೆಲಸ ಕಲಿತವನೇ ಎಂದು ಕೇಳಿರಿ. ಕಲಿತಿರದಿದ್ದರೆ ಕಲಿಯಲು ಕಳಿಸಿರೆಂದು ಊರ ಸಭೆಯಲ್ಲಿ ಎದ್ದು ನಿಂತು ಹೇಳಿರಿ. ನಿಮ್ಮ ಮಗನಿಗೋ ಮಗಳಿಗೋ ಈ ಕೆಲಸದ ಮೇಲೆ ಮನಸ್ಸಿದ್ದರೆ ಮೊದಲು ತರಬೇತಿಗೆ ಸೇರಿಸಿರಿ. ಇನ್ನು, ಲೈನ್ ಬಂದ್ ಆಗುವ ತನಕ ಕಾಯುತ್ತೇನೆ ಎಂದು ಒಬ್ಬ ಲೈನ್‌ಮನ್ ಕಂಬದ ಬುಡದಲ್ಲಿ ನಿಂತರೆ, ಅವನನ್ನು ಅವಸರ ಮಾಡಬೇಡಿ, ನಗಬೇಡಿ. ನಿಮ್ಮ ಮೋಟಾರು ಒಂದು ತಾಸು ತಡವಾಗಿ ತಿರುಗಲಿ. ಅವನು ಮನೆಗೆ ಹೋಗಿ ಉಣ್ಣಲಿ.