ಶೀಟಿನ ಗೋಡೆಯ ಸದ್ದು

ಅಂತರಸನಹಳ್ಳಿಯ ಬಾಡಿಗೆ ಶೆಡ್ಡಿನಲ್ಲಿ ತೇಜಸ್ವಿನಿ ಸ್ಕೂಲ್ ಯೂನಿಫಾರ್ಮ್ ಹೊಲಿಸುತ್ತಿದ್ದಳು. ಮೇಲೆ ತೆಂಗಿನ ಗರಿ ಹೊದಿಸಿದ್ದರಿಂದ ಚಾವಣಿ ಪರವಾಗಿರಲಿಲ್ಲ. ಮೂರು ಗೋಡೆಗಳಿಗೆ ಪಕ್ಕದ ಗೋಡೌನುಗಳ ನೆರಳಿತ್ತು. ಪಶ್ಚಿಮದ ತಗಡಿನ ಗೋಡೆ ಮಾತ್ರ ಏಪ್ರಿಲ್‌ನಲ್ಲಿ ರೊಟ್ಟಿ ಹಂಚಾಗುತ್ತಿತ್ತು. ಸೋಮವಾರದೊಳಗೆ ಏನಾದರೂ ಮಾಡದಿದ್ದರೆ ಗಾರ್ಮೆಂಟ್ಸಿಗೆ ಹೋಗುತ್ತೇವೆಂದು ಹನುಮಮ್ಮ, ಅರುಣಾ ಇಬ್ಬರೂ ಹೇಳಿಬಿಟ್ಟರು. ಇದ್ದ ಟೈಲರುಗಳೇ ಅವರಿಬ್ಬರು. ಅವರು ಹೋದರೆ ಜೂನ್ ತಿಂಗಳ ಆರ್ಡರೂ ಹೋದಂತೆ.

ತೊಡಕು ಇದ್ದದ್ದು ಮಾಲೀಕರಿಂದ. ಗುಬ್ಬಿಯ ಮಹಾದೇವಯ್ಯ ನಲವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದವರು. ಕಾಯಿ ತಟ್ಟಿ, ಒಡೆಯದೆಯೇ ಒಳಗಿನ ಕೊಬ್ಬರಿ ಹೇಗಿದೆಯೆಂದು ಹೇಳುತ್ತಿದ್ದರು. ಶೆಡ್ಡಿನ ತಗಡು ಶೀಟನ್ನೂ ಹಾಗೇ ಪರೀಕ್ಷಿಸುತ್ತಿದ್ದರು. ತಿಂಗಳಿಗೊಮ್ಮೆ ಬಂದು ನಾಲ್ಕೂ ಗೋಡೆಗೆ ಊರುಗೋಲಿನಿಂದ ಬಡಿದು, ಕಿವಿಗೊಟ್ಟು ಕೇಳುತ್ತಿದ್ದರು. ಮೊಳೆ ಹೊಡೆದ ಶೀಟಿನ ದನಿ ಒಡೆಯುತ್ತದೆ ಎಂಬುದು ಅವರ ನಂಬಿಕೆ. ಹಿಂದೆ ಇದ್ದ ವೆಲ್ಡಿಂಗಿನವನನ್ನು ಒಂದೇ ಒಂದು ತೂತಿಗೆ ಖಾಲಿ ಮಾಡಿಸಿದ್ದರು. ಗೋಡೆ ಮುಟ್ಟುವ ಹಾಗಿಲ್ಲವೆಂದು ತೇಜಸ್ವಿನಿಗೂ ಮೊದಲ ದಿನವೇ ಹೇಳಿದ್ದರು.

ಅವಳು ಕೇಳದೆಯೇ ಮುಟ್ಟಿದಳು. ಶನಿವಾರ ಪಶ್ಚಿಮದ ಗೋಡೆಗೆ ಒಳಗಿಂದ ಅಂಟಿಸಲು, ಸೆಕೆ ತಡೆಯುವ ಎರಡಿಂಚು ದಪ್ಪದ ಫೋಮ್ ಬೋರ್ಡುಗಳು ಬಂದವು. ಚಪ್ಪಲಿ ಅಂಟಿಸುವ ಗಮ್ಮು ತಾಗಿದ್ದೇ ತಡ, ಮೊದಲನೆಯದು ಕರಗಿ ಜರಡಿಯಾಯಿತು. ಅಂಗಡಿಯವನು ನಕ್ಕು, ಫೋಮಿಗೆಂದೇ ಇರುವ ಬೇರೆ ಗಮ್ಮು ಕೊಟ್ಟ. ಸಂದು ಬಿಟ್ಟರೆ ಸೆಕೆ ಅಲ್ಲಿಂದಲೇ ನುಗ್ಗುತ್ತದೆಂದು ಸಂದಿಗೆಲ್ಲ ಟೇಪು ಹಚ್ಚಿ, ಮೇಲೆ ಯೂನಿಫಾರ್ಮಿನ ಚೌಕಳಿ ಬಟ್ಟೆ ಇಳಿಬಿಟ್ಟರು. ಸೋಮವಾರ ಮಧ್ಯಾಹ್ನ ಯಾರೂ ಗಾರ್ಮೆಂಟ್ಸಿನ ಹೆಸರೆತ್ತಲಿಲ್ಲ.

ಆದರೆ ಗುರುವಾರ ಮಹಾದೇವಯ್ಯ ಬರುವವರಿದ್ದರು. ಫೋಮಿಗೆ ಬಡಿದರೆ ದಿಂಬಿಗೆ ಬಡಿದಂತೆ, ಸದ್ದೇ ಬರದು.

"ಅವರು ಕೋಲೆತ್ತಿದಾಗ ನಾನು ಕೆಮ್ತೀನಿ. ನೀನು ಹೊರಗಿಂದ ಸ್ಪ್ಯಾನರಲ್ಲಿ ಒಂದೇಟು ಹಾಕು," ಎಂದು ತೇಜಸ್ವಿನಿ ಅರುಣಾಗೆ ಹೇಳಿಕೊಟ್ಟಳು.

"ಬಿಸ್ಲಲ್ಲಿ ನಾನೇ ಯಾಕಕ್ಕ ನಿಂತ್ಕಬೇಕು?"

"ಹನುಮಮ್ಮಂಗೆ ಕಿವಿ ಮಂದ ಕಣೇ."

ಮಹಾದೇವಯ್ಯ ಬಂದರು. ಮೂರು ಗೋಡೆ ಮುಗಿಸಿ ಚೌಕಳಿ ಬಟ್ಟೆಯ ಮುಂದೆ ನಿಂತು, ಇದೇನೆಂದು ಕೇಳಿದರು. ಸ್ಕೂಲಿನವರಿಗೆ ತೋರಿಸುವ ಸ್ಯಾಂಪಲ್ ಎಂದಳು ತೇಜಸ್ವಿನಿ. ಅವರು ಕೋಲೆತ್ತಿದರು, ಅವಳು ಕೆಮ್ಮಿದಳು, ಗೋಡೆ ಠಣ್ಣೆಂದಿತು. ಅವರು ತಲೆದೂಗಿದರು. ಅಲ್ಲಿಗೆ ಕೆಲಸ ಮುಗಿಯಬೇಕಿತ್ತು.

ಆದರೆ ಅವರು ಕೋಲನ್ನು ಕಂಕುಳಿಗೆ ಸಿಕ್ಕಿಸಿ ನಶ್ಯದ ಡಬ್ಬಿ ತೆಗೆದರು. ಘಾಟು ಮೂಗಿಗೆ ಬಡಿದು ತೇಜಸ್ವಿನಿಗೆ ನಿಜವಾದ ಕೆಮ್ಮು ಬಂತು. ಠಣ್. ಮತ್ತೆ ಕೆಮ್ಮಿದಳು. ಠಣ್.

ಮಹಾದೇವಯ್ಯ ಚಿಟಿಕೆ ನಶ್ಯ ಬೆರಳಲ್ಲೇ ಹಿಡಿದು ಗೋಡೆಯನ್ನು ನೋಡಿದರು, ಆಮೇಲೆ ಅವಳನ್ನು.

"ಇನ್ನೊಂದ್ಸಲ ಕೆಮ್ಮಮ್ಮ."

ಅವಳು ಬಾಯಿ ಬಿಗಿಹಿಡಿದಳು. ಅವರೇ ಗಂಟಲು ಸರಿಮಾಡಿಕೊಂಡು ಜೋರಾಗಿ ಕೆಮ್ಮಿದರು. ಹೊರಗೆ ಬಿಸಿಲಲ್ಲಿ ಬೆಂದಿದ್ದ ಅರುಣಾಗೆ ಯಾರ ಕೆಮ್ಮಾದರೇನು? ಸಿಟ್ಟನ್ನೆಲ್ಲ ಸೇರಿಸಿ ಎರಡೇಟು ಬಿಟ್ಟಳು. ಹನುಮಮ್ಮ ಮುಖಕ್ಕೆ ಸೆರಗು ಒತ್ತಿಕೊಂಡಳು.

ಮಹಾದೇವಯ್ಯ ಬಟ್ಟೆ ಸರಿಸಿದರು. ಬೋರ್ಡನ್ನು ಒತ್ತಿದರು, ಮೂಸಿದರು, ಅಂಚಿನುದ್ದಕ್ಕೂ ಬೆರಳಾಡಿಸಿದರು.

"ಮೊಳೆ ಎಲ್ಲಮ್ಮ?"

"ಒಂದೂ ಇಲ್ಲ ಯಜಮಾನ್ರೇ. ಬರೀ ಅಂಟಿಸಿರೋದು."

ಶೆಡ್ಡು ಇವತ್ತೇ ಖಾಲಿ ಮಾಡಬೇಕೋ, ತಿಂಗಳ ಕೊನೆಗೋ ಎಂದು ಅವಳು ಕಾಯುತ್ತಿದ್ದಳು. ಅವರು ಬೋರ್ಡಿಗೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು. ಮಧ್ಯಾಹ್ನ ಎರಡೂವರೆ ಆಗಿದ್ದರೂ ಅವರ ಹಣೆಯಲ್ಲಿ ಬೆವರಿನ ಹನಿಯೂ ಇರಲಿಲ್ಲ.

"ಹೊರಗಿರೋ ಹೆಣ್ಮಗೀನ ಒಳಕ್ಕೆ ಕರಿ," ಎಂದರು. "ನಂಗೊಂದು ಕುರ್ಚಿ ಹಾಕು."

ಕುರ್ಚಿಯಲ್ಲಿ ಕೂತವರು ಅರುಣಾ ನೀರು ಕುಡಿದು ಮುಗಿಸುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದರು.

ಬೋರ್ಡು ಹಾಗೇ ಇದೆ. ಮಹಾದೇವಯ್ಯ ಈಗ ದಿನವೂ ಊಟ ಮುಗಿಸಿ ಗುಬ್ಬಿ ಬಸ್ಸಿನಲ್ಲಿ ಬರುತ್ತಾರೆ. ಅವರು ಏಳುವವರೆಗೆ ಮಿಷನ್ ತುಳಿಯುವಂತಿಲ್ಲ. ಜೂನ್ ತಿಂಗಳ ಆರ್ಡರ್ ಅರ್ಧವೂ ಆಗಿಲ್ಲ. ಕೆಲಸ ಬಿಡುವ ಮಾತನ್ನು ಮಾತ್ರ ಯಾರೂ ಆಡುತ್ತಿಲ್ಲ. ಹನುಮಮ್ಮ ಮನೆಯಿಂದ ಚಾಪೆಯನ್ನೂ ತಂದಿಟ್ಟುಕೊಂಡಿದ್ದಾಳೆ.