ನೈರೋಬಿಗೆ ಹತ್ತೊಂಬತ್ತು ಸಲ

ಕೀನ್ಯಾದ ಕಾಡಿನಲ್ಲಿ ಸಿಂಹವೊಂದು ಬಸವನನ್ನು ಅಡ್ಡಗಟ್ಟಿ, ಅವನ ಮುಖ ನೋಡಿ ನಾಚಿ, ಸೈಕಲ್ಲಿನ ಹಿಂದಿನ ಗಾಲಿಗೆ ಗಾಳಿ ಹೊಡೆದು ಕಳಿಸಿತ್ತು. ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್ ಊರಿನ ಕನ್ನಡದ ಮನೆಗಳಲ್ಲಿ ಬಸವನ ಬಾಯಿಂದ ಈ ಕಥೆ ಕೇಳದ ಕಿವಿಯಿರಲಿಲ್ಲ. ಎಲ್ಲರೂ ನಗುತ್ತಿದ್ದರು. ಪಕ್ಕದ ಬೀದಿಯ ನೀಲವ್ವ ಮಾತ್ರ, "ಸಿಂಹದ ಸುದ್ದಿ ಬಿಡ್ರಿ, ಆದರ ಮನಷ್ಯಾ ಹೋಗಿಬಂದದ್ದು ಖರೇ," ಅನ್ನುತ್ತಿದ್ದಳು.

ಆ ನಂಬಿಕೆಯೇ ಈಗ ಬಸವನ ಕುತ್ತಿಗೆಗೆ ಬಂದಿತ್ತು.

2006ರ ಮೇ ತಿಂಗಳ ಆ ಶುಕ್ರವಾರ, ಮಧ್ಯಾಹ್ನ ಮೂರೂವರೆಗೆ, ಅವನು ಸೈಕಲ್ ತುಳಿಯುತ್ತಿದ್ದ ರಭಸಕ್ಕೆ ಊರಿನ ಚಪ್ಪಟೆ ರಸ್ತೆಗಳೆಲ್ಲ ಇಳಿಜಾರಾಗಿದ್ದವು. ಎದೆ ಬಡಿದುಕೊಳ್ಳುವ ಸದ್ದು ವೆಲಿಂಗ್ಟನ್ನಿಗೆ ಕೇಳಿಸಿರಬೇಕು. ಜಾಕೆಟ್ಟಿನೊಳಗೆ ಲೈಬ್ರರಿಯ ಪುಸ್ತಕ: ಕೀನ್ಯಾಕ್ಕೆ ಹೋಗುವವರಿಗೆ ಮಾಹಿತಿ. ಆರು ವರ್ಷದಿಂದ ಅವನ ಕೀನ್ಯಾ ಎಲ್ಲ ಅದರಲ್ಲೇ ಇತ್ತು. ಪ್ರಾಣಿಗಳ ಪುಟಗಳು ಬಾಯಿಪಾಠ. ಆರೋಗ್ಯದ ಪುಟ ಬೇಸರವೆಂದು ಒಮ್ಮೆಯೂ ತೆರೆದಿರಲಿಲ್ಲ. ಇವತ್ತು ತೆರೆದಿದ್ದ.

ಕೀನ್ಯಾದಿಂದ ಇಂಡಿಯಾಕ್ಕೆ ಇಳಿಯುವವರ ಹತ್ತಿರ ಹಳದಿ ಜ್ವರದ ಸೂಜಿಯ ಕಾರ್ಡು ಇರಬೇಕು. ಇಲ್ಲದಿದ್ದರೆ ಆರು ದಿನ ಬೇರೆ ಇಡುತ್ತಾರೆ. ಸೂಜಿ ಹಾಕಿಸಿ ಹತ್ತು ದಿನವಾದ ಮೇಲೇ ಆ ಕಾರ್ಡಿಗೆ ಬೆಲೆ.

ನೀಲವ್ವ ಭಾನುವಾರ ಹೊರಡುವವಳು. ನೈರೋಬಿಯಲ್ಲಿ ಮಗಳು ಐಶ್ವರ್ಯಾಳ ಮನೆಯಲ್ಲಿ ಒಂದು ವಾರವಿದ್ದು, ಅದರ ಮುಂದಿನ ಸೋಮವಾರ ಮುಂಬೈಗೆ. ಗುರುವಾರ ಧಾರವಾಡದಲ್ಲಿ ಶರಣ್ಯಾಳ ಮದುವೆ. ಶರಣ್ಯಾ ಅವಳ ಅಣ್ಣನ ಮಗಳು. ತಾಯಿಯಿಲ್ಲದ ಆ ಕೂಸನ್ನು ಏಳು ವರ್ಷ ಎತ್ತಿ ಆಡಿಸಿದವಳು ನೀಲವ್ವ. ಸೋದರತ್ತೆ ಬಂದು ಅರಿಶಿಣ ಹಚ್ಚುವವರೆಗೆ ಮಣೆ ಮೇಲೆ ಕೂಡುವುದಿಲ್ಲ ಎಂದು ಹುಡುಗಿ ಹಟ ಹಿಡಿದಿದ್ದಳು.

ಬಸವ ಬೆರಳು ಮಡಚಿ ಎಣಿಸಿದ. ಇವತ್ತು ಹಾಕಿಸಿದರೆ ಸೋಮವಾರಕ್ಕೆ ಸರಿಯಾಗಿ ಹತ್ತು. ನಾಳೆಯಾದರೆ ಒಂಬತ್ತು. ಕ್ಲಿನಿಕ್ಕಿನವರು ಫೋನಿನಲ್ಲಿ, ಐದರೊಳಗೆ ಬನ್ನಿ ಅಂದಿದ್ದರು.

ನೀಲವ್ವ ಸೂಟ್‌ಕೇಸಿಗೆ ಶೇಂಗಾ ಚಟ್ನಿಪುಡಿ ತುಂಬುತ್ತಿದ್ದಳು.

"ಅಕ್ಕಾರ, ಏಳ್ರಿ! ಸೂಜಿ ಹಾಕಿಸಬೇಕು, ಈಗಿಂದೀಗ!"

"ಯಾವ ಸೂಜಿ? ಸ್ವೆಟರ್ ತಗೋರಿ, ನೀರು ಕಾಯಿಸಿ ಕುಡೀರಿ, ಸೂಜಿ-ಗೀಜಿ ಏನೂ ಬ್ಯಾಡ ಅಂದವರು ನೀವ ಅಲ್ಲೇನು?"

"ನಿನ್ನೆ ಕೀನ್ಯಾದ ಮಂತ್ರಿ ಫೋನ್ ಮಾಡಿದ್ರು. 'ಬಸಣ್ಣಾ, ನಿಯಮ ಬದಲಾಗೇತಿ' ಅಂದ್ರು."

"ಮಂತ್ರಿಗೆ ಕನ್ನಡ ಬರತೈತೇನು?"

"ನಾನ ಕಲಿಸೀನಿ."

ನೀಲವ್ವ ನಕ್ಕು ಇನ್ನೊಂದು ಡಬ್ಬಿ ಇಟ್ಟಳು. "ಸೂಜಿಗೆ ಜ್ವರ ಬಂದ್ರ ವಿಮಾನ ಹತ್ತೋರು ಯಾರು? ನೀವು ನೈರೋಬಿಯಿಂದ ನೆಟ್ಟಗ ಮುಂಬೈಗೆ ಹತ್ತೊಂಬತ್ತು ಸಲ ಇಳದೀರಿ. ಒಬ್ಬಾಂವರ ಕಾರ್ಡ್ ಕೇಳ್ಯಾನೇನು? ನಿಮ್ಮನ್ನ ಬಿಟ್ಟವರು ನನ್ನ ಹಿಡೀತಾರೇನು?"

ಗೋಡೆ ಗಡಿಯಾರದಲ್ಲಿ ನಾಲ್ಕೂ ಹತ್ತು. ಬಸವನ ಬೆನ್ನಲ್ಲಿ ಬೆವರು ಹೊಳೆಯಾಗಿ ಹರಿಯಿತು. ಪುಸ್ತಕ ಹೊರಗೆಳೆದ. "ನೀವ ಓದ್ರಿ."

"ಪುಸ್ತಕ ಬರದಾಂವಗಿಂತ ಹೋಗಿಬಂದಾಂವ ದೊಡ್ಡಾಂವ ಅಂತ ನೀವ ಹೇಳೀರಿ," ಎನ್ನುತ್ತ ಅವಳು ಪುಸ್ತಕ ತೆರೆದಳು. ಸಾವಿರ ಸಲ ಬಿಚ್ಚಿದ ಪುಟವೇ ತಾನಾಗಿ ಬಿಚ್ಚಿಕೊಂಡಿತು. ಎಡಕ್ಕೆ ಸಿಂಹ. ಬಲಕ್ಕೆ, ರಸ್ತೆ ಬದಿಯಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಒಬ್ಬ ಮನುಷ್ಯ.

ನೀಲವ್ವ ಚಿತ್ರವನ್ನೂ ಬಸವನನ್ನೂ ನೋಡಿದಳು. ನಗು ಹೋಗಿತ್ತು.

"ಬಸಣ್ಣಾರ, ಹತ್ತೊಂಬತ್ತರಾಗ ಖರೇ ಎಷ್ಟು?"

ನಾಲ್ಕು ಅಂದರೆ? ಒಂದು ಅಂದರೆ? ಒಂದೇ ಒಂದು ಉಳಿದರೂ ಈ ಹೆಂಗಸು ಸೂಜಿ ಹಾಕಿಸುವುದಿಲ್ಲ.

"ಒಂದೂ ಇಲ್ರಿ ಅಕ್ಕಾರ. ಕೀನ್ಯಾ ನಾ ನೋಡೇ ಇಲ್ಲ. ಆಕ್ಲೆಂಡಿನ ಝೂ ನೋಡೀನಿ. ಅದೂ ಮಳಿ ಬಂತಂತ ಅರ್ಧಕ್ಕ ಹೊರಗ ಬಂದೆ."

ನೀಲವ್ವ ಪಾಸ್‌ಪೋರ್ಟನ್ನೂ ಕಾರಿನ ಕೀಲಿಯನ್ನೂ ಎತ್ತಿಕೊಂಡು ಬಾಗಿಲಿಗೆ ನಡೆದಳು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ಕೇಳಿದಳು:

"ಮತ್ತ ಸಿಂಹ?"

"ಮಲಗಿತ್ರಿ," ಎಂದ ಬಸವ. "ಬೆನ್ನಷ್ಟ ಕಾಣಸ್ತು."