ಹತ್ತರಲ್ಲೊಂದು ಸಲ

ರದ್ದಿ ಕಾಗದ ಅರೆಯುವ ಗಿರಣಿಯೊಂದಕ್ಕೆ ಅಕ್ಕ ತಮ್ಮ ಸೇರಿ ವೆಬ್ ಪುಟವೊಂದನ್ನು ಮಾಡಿಕೊಟ್ಟಿದ್ದರು. ಯಂತ್ರದೊಳಗೆ ಇಳಿದು ಶುಚಿ ಮಾಡುವವನು ಮೊದಲು ಫೋನಿನಲ್ಲಿ ಆ ಪುಟ ತೆರೆದು ಬೀಗ ಹಾಕಬೇಕು. ಅವನೇ ತೆಗೆಯುವ ತನಕ ಯಾರು ಗುಂಡಿ ಒತ್ತಿದರೂ ಯಂತ್ರ ತಿರುಗಬಾರದು. ಕೋಡ್ ಬರೆದವನು ತಮ್ಮ. ಅದು ಸರಿಯಾಗಿದೆಯೇ ಎಂದು ಪರೀಕ್ಷಿಸಲು ಅಕ್ಕ ಬರೆದಿಟ್ಟ ಮುನ್ನೂರು ಟೆಸ್ಟುಗಳು ಅವನು ಕೋಡ್ ಬದಲಿಸಿದಾಗಲೆಲ್ಲ ತಾವಾಗಿಯೇ ಓಡುತ್ತಿದ್ದವು. ಒಂದು ಟೆಸ್ಟು ತಪ್ಪಿ ಕೆಂಪಾದರೂ ಹೊಸ ಕೋಡ್ ಗಿರಣಿಗೆ ಹೋಗುವಂತಿರಲಿಲ್ಲ.

ಬೀಗದ ಟೆಸ್ಟೊಂದು ಮಾತ್ರ ಹತ್ತು ಸಲ ಓಡಿದರೆ ಒಂದು ಸಲ ಕೆಂಪಾಗುತ್ತಿತ್ತು. ಇನ್ನೊಮ್ಮೆ ಓಡಿಸಿದರೆ ಹಸಿರು. ಅದಕ್ಕೆ ತಲೆ ಕೆಟ್ಟಿದೆ ಎಂದು ತಮ್ಮ ರೇಗುತ್ತಿದ್ದ. ಕಾರಣ ಸಿಗುವ ತನಕ ಮುಟ್ಟಬೇಡ ಎಂದಿದ್ದಳು ಅಕ್ಕ. ಅವಳು ಜ್ವರ ಬಂದು ಮೂರು ದಿನ ಮಲಗಿದಾಗ ಅವನು ಆ ಟೆಸ್ಟನ್ನು ನಿಲ್ಲಿಸಿ ಹೊಸ ಕೋಡ್ ಕಳಿಸಿಬಿಟ್ಟ. ಎದ್ದು ಬಂದವಳಿಗೆ ಅದು ಕಣ್ಣಿಗೆ ಬಿತ್ತು. ಮತ್ತೆ ಜಗಳ ಯಾಕೆ, ಮುಂದಿನ ವಾರ ನೋಡಿದರಾಯಿತು ಎಂದು ಸುಮ್ಮನಾದಳು.

ಅದಾಗಿ ಐದನೇ ದಿನ, ಬೀಗ ಹಾಕಿಯೇ ಒಳಗಿಳಿದಿದ್ದ ಕೆಲಸಗಾರನೊಬ್ಬನ ಬಲಗೈಯನ್ನು ಯಂತ್ರ ಮೊಣಕೈವರೆಗೂ ಅರೆಯಿತು.

ಮರುದಿನ ಮಧ್ಯಾಹ್ನ ಅವನ ಅಣ್ಣ ಕಬ್ಬಿಣದ ಸಲಾಕೆ ಹಿಡಿದು ಅಕ್ಕ ತಮ್ಮನ ಆಫೀಸಿಗೆ ನುಗ್ಗಿದ. ಅದೇ ಗಿರಣಿಯ ಹೊರೆಯಾಳು ಅವನು; ಯಂತ್ರದಿಂದ ಗಾಯಾಳುವನ್ನು ಎಳೆದು ತೆಗೆದವನೂ ಅವನೇ. ಅಂಗಿಯ ಮೇಲೆ ರಕ್ತ ಒಣಗಿ ಗಟ್ಟಿಯಾಗಿತ್ತು. ಗಾಜಿನ ಬಾಗಿಲು ಹೋಯಿತು, ಎರಡು ಕಂಪ್ಯೂಟರ್ ಚೂರಾದವು. ಆಮೇಲೆ ಅವನ ದನಿ ತಗ್ಗಿತು.

"ಬೀಗ ಸರಿಯಾಗಿದೆಯಾ ಅಂತ ನೋಡೋ ಕೆಲಸ ಯಾರದು?"

ಗೋಡೆಗೊತ್ತಿ ನಿಂತಿದ್ದ ತಮ್ಮನ ಕಣ್ಣು ಅಕ್ಕನ ಕಡೆ ಹೊರಳಿತು. ಅಷ್ಟೇ ಸಾಕಾಯಿತು. ಸಲಾಕೆ ಅವಳ ಎಡ ಹೆಗಲಿಗೆ ಬಿತ್ತು. ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಎರಡನೇ ಏಟು ಪಕ್ಕೆಗೆ. ನೆಲಕ್ಕೆ ಬಿದ್ದವಳು ತಲೆ ಎತ್ತಿ, "ನಂದೇ ಕೆಲಸ," ಎಂದಳು. ಮೂರನೆಯದಕ್ಕೆ ಎತ್ತಿದ ಕೈ ಹೊಡೆಯದೆ ಕೆಳಗಿಳಿಯಿತು. ಪೊಲೀಸರು ಬರುವವರೆಗೂ ಅವನು ಗಾಜಿನ ಚೂರುಗಳ ನಡುವೆ ಕುಕ್ಕರಿಸಿ ಅಳುತ್ತಿದ್ದ.

ಆಸ್ಪತ್ರೆಗೆ ಬಂದ ತಮ್ಮ, ಕೆಲಸಗಾರ ಬೀಗ ಹಾಕಿರಲೇ ಇಲ್ಲವೆಂದು ಹೇಳಿಬಿಡೋಣ ಎಂದ. ಒಡಹುಟ್ಟಿದವನ ಅನ್ನಕ್ಕೆ ಮಣ್ಣು ಹಾಕಬೇಡ ಎಂದಳು ಅಮ್ಮ.

ಆಸ್ಪತ್ರೆ ಸೇರಿದ ನಾಲ್ಕನೇ ದಿನ ಅಕ್ಕ ಆಫೀಸಿಗೆ ಹೋಗಿ, ಒಂದೇ ಕೈಯಲ್ಲಿ ಆ ಟೆಸ್ಟನ್ನು ಇನ್ನೂರು ಸಲ ಓಡಿಸಿದಳು. ಕೆಂಪಾದದ್ದನ್ನೆಲ್ಲ ಸಾಲುಸಾಲಾಗಿ ಓದಿದಳು. ಒಬ್ಬ ಬೀಗ ತೆಗೆಯುವ ಕ್ಷಣದಲ್ಲೇ ಇನ್ನೊಬ್ಬ ಹಾಕಿದರೆ, ಎರಡನೆಯವನ ಬೀಗ ಅಳಿಸಿಹೋಗುತ್ತಿತ್ತು. ಅವನ ಫೋನಿನಲ್ಲಿ ಮಾತ್ರ ಬಿದ್ದಂತೆಯೇ ಕಾಣುತ್ತಿತ್ತು. ಟೆಸ್ಟಿಗೆ ತಲೆ ಕೆಟ್ಟಿರಲಿಲ್ಲ. ಅದು ಇದ್ದದ್ದನ್ನೇ ಹೇಳುತ್ತಿತ್ತು.

ಹಿಂದೆ ಬಂದು ನಿಂತಿದ್ದ ತಮ್ಮನೂ ಅದನ್ನು ಓದಿದ. ಟೆಸ್ಟಿನ ಆ ದಾಖಲೆ ಅಳಿಸಲು ಕೈ ಹಾಕಿದ. ಅವಳು ತಡೆದಾಗ ಮುರಿದ ಹೆಗಲನ್ನೇ ಹಿಡಿದು ತಿರುಚಿ, ಅವಳ ಮುಖವನ್ನು ಮೇಜಿಗೆ ಅಪ್ಪಳಿಸಿದ. ಹಲ್ಲು ತಾಗಿ ತುಟಿ ಸೀಳಿತು. ಕೈಗೆ ಸಿಕ್ಕ ಕೀಬೋರ್ಡನ್ನು ಅವಳು ಬೀಸಿದಳು. ಅವನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಇಬ್ಬರೂ ಏದುಸಿರು ಬಿಡುತ್ತಾ ನಿಂತರು.

"ನೀನೇ ಠಾಣೆಗೆ ಬಂದು ಹೇಳ್ತೀಯೋ, ನಾನು ಹೇಳ್ಲೋ?" ಎಂದಳು ಅಕ್ಕ.

ಅವನು ಬರಲಿಲ್ಲ. ಅವಳು ಗಿರಣಿಗೆ ಫೋನ್ ಮಾಡಿ ಯಂತ್ರ ನಿಲ್ಲಿಸಿದಳು; ಅಲ್ಲಿಂದ ನೇರ ಠಾಣೆಗೆ ನಡೆದಳು. ಟೆಸ್ಟ್ ನಿಲ್ಲಿಸಿದವನು ತಮ್ಮ, ನೋಡಿಯೂ ಐದು ದಿನ ಸುಮ್ಮನಿದ್ದವಳು ತಾನು ಎಂದು ಬರೆಸಿದಳು. ಸಲಾಕೆಯವನ ವಿಷಯ ಏನು ಮಾಡೋಣ ಎಂದು ಅಧಿಕಾರಿ ಕೇಳಿದ.

"ಹೊಡೆದದ್ದು ನಿಜ, ಬರ್ಕೊಳ್ಳಿ. ಯಾಕೆ ಹೊಡೆದ ಅನ್ನೋದನ್ನೂ ಬರ್ಕೊಳ್ಳಿ."

ಜಾಮೀನು ಸಿಗದೆ ಪೊಲೀಸರ ವಶಕ್ಕೇ ಒಪ್ಪಿಸಲಾಗಿದ್ದ ಹೊರೆಯಾಳು ಒಳಗಿನ ಕೋಣೆಯಲ್ಲಿದ್ದ. ಅವಳು ಹೊರಡುವಾಗ ಕಂಬಿಯ ಹಿಂದಿನಿಂದ ಅವಳ ಎಡಗೈ ನೋಡಿ ಕೇಳಿದ: "ಕೈ ಆಡ್ಸೋಕಾಗುತ್ತಾ?"

"ಬೆರಳು ಆಡ್ತವೆ," ಎಂದಳು.

ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ.